ತೊಳೆದ ಡಬ್ಬಿ, ಇಲ್ಲದ ಸ್ಕೂಟರ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೈಕ್ರೋಸ್ಕೋಪಿನ ಕೆಳಗಿಂದ ಶುರು ಮಾಡೋಣ ಅನ್ನಿಸಿತು: 'ಗಾಜಿನ ಮೇಲೆ ವೀರ್ಯಾಣುಗಳು ಸತ್ತು ಬಿದ್ದಿದ್ದವು, ಯುದ್ಧ ಮುಗಿದ ಮೈದಾನದ ಹಾಗೆ.' ಹರಿದು ಹಾಕಿದೆ. ಇಂಥ ವಾಕ್ಯ ಬರೆಯುವವನನ್ನು ನಾನೇ ನಂಬುವುದಿಲ್ಲ, ನೀವು ಹೇಗೆ ನಂಬುತ್ತೀರಿ? ಆಮೇಲೆ 'ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ' ಎಂದು ಬರೆದೆ. ಹೀಗೆ ಶುರುವಾದ ಕಥೆಗಳಲ್ಲಿ ಕೊನೆಗೆ ಮಗು ಹುಟ್ಟುತ್ತದೆ, ಇಲ್ಲವೇ ಯಾರಾದರೂ ಸಾಯುತ್ತಾರೆ. ಎರಡೂ ಬೇಡ. (ನನ್ನ ಕಥೆಯಲ್ಲಿ ಸಾಯಬೇಕಾದವರು ಈಗಾಗಲೇ ಸತ್ತಾಗಿದೆ. ಕಣ್ಣಿಗೆ ಕಾಣದಷ್ಟು ಸಣ್ಣವರು.)

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಅನುಮಾನದ ಪ್ರಾಣಿ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ತುದಿಯವರೆಗೆ ಹೋಗಿ, ವಾಪಸ್ ಬಂದು ಮತ್ತೆ ಎಳೆದು ನೋಡುವವನು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನನ್ನಂಥವನನ್ನು ಕಂಡೇ ಹುಟ್ಟಿದ್ದೆಂದು ನಮ್ಮ ಮನೆಯವರ ಅಂಬೋಣ. ಪಾತ್ರಗಳನ್ನೂ ನಂಬುವುದಿಲ್ಲ. ಓದುಗರ ವಿಷಯವಂತೂ ಕೇಳಲೇಬೇಡಿ, ನಿಮ್ಮಲ್ಲಿ ಅರ್ಧ ಜನ ಆಗಲೇ ಕೊನೆಯ ಪ್ಯಾರಾ ಇಣುಕಿ ನೋಡಿ ಬಂದಿದ್ದೀರಿ.

೨

ಸರಿ, ಅಂಗಡಿಯಿಂದ ಶುರು ಮಾಡುತ್ತೇನೆ. ಲಾಂಡ್ರಿ ಅಂಗಡಿ. ಮುಂದೆ ಕೌಂಟರ್, ಹಿಂದೆ ಎರಡು ದೊಡ್ಡ ಮೆಷಿನ್, ಮೂಲೆಯಲ್ಲಿ ಬುಸುಗುಡುವ ಹಬೆಯ ಇಸ್ತ್ರಿ, ಅದರ ಪಕ್ಕ ಗಿರಾಕಿಗಳ ಬಟ್ಟೆಯಿಂದ ಕಿತ್ತು ಬಂದ ಗುಂಡಿಗಳ ಬುಟ್ಟಿ. ಮಾಲೀಕನನ್ನು ಬೀದಿಯ ಮಕ್ಕಳು ನೊರೆಯಪ್ಪ ಎನ್ನುತ್ತಾರೆ, ಅವನ ಅಂಗಡಿಯ ಮೋರಿಯಲ್ಲಿ ಸದಾ ನೊರೆ ಉಕ್ಕುತ್ತದೆಂದು. ನಾನೂ ಹಾಗೇ ಕರೆಯುತ್ತೇನೆ. ನೊರೆಯಪ್ಪ ತೊಳೆಯದ ವಸ್ತುವನ್ನು ಮುಟ್ಟುವವನಲ್ಲ. ಹೊಸ ಅಂಗಿಯನ್ನೂ ಒಗೆದೇ ತೊಡುತ್ತಾನೆ. ಬೇರೆಯವರ ಮನೆಯಲ್ಲಿ ನೀರು ಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ನೆಂಟರಿಗೆಲ್ಲ ಇದು ಗೊತ್ತು, ಅವನಿಗೆ ಯಾರೂ ನೀರು ಕೊಡುವುದಿಲ್ಲ.

ಹೆಂಡತಿಯ ಪರೀಕ್ಷೆಗಳೆಲ್ಲ ಮುಗಿದು, 'ಅವರದ್ದೇನೂ ತೊಂದರೆಯಿಲ್ಲ, ಈಗ ನಿಮ್ಮದು ನೋಡೋಣ' ಎಂದು ಡಾಕ್ಟರು ಹೇಳಿದ್ದರು. ಲ್ಯಾಬ್ ಪಕ್ಕದ ಬೀದಿಯಲ್ಲೇ ಇದ್ದುದರಿಂದ ಸ್ಯಾಂಪಲ್ ಮನೆಯಿಂದ ತರಬಹುದು, ತಣ್ಣಗಾಗದ ಹಾಗೆ ಬೇಗ ತಲುಪಿಸಬೇಕು ಎಂದರು. ಅವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ನೊರೆಯಪ್ಪ ಮೂಸಿದ. ಯಾರು ಯಾರು ಮುಟ್ಟಿದ್ದೋ ಏನೋ ಎಂದು ಗೊಣಗಿದ. ಸೋಪು ಹಾಕಿ ಉಜ್ಜಿದ, ಬಿಸಿನೀರು ಹುಯ್ದ. ಕಾಲರಿನ ಕೊಳೆಗೆಂದು ತಾನೇ ಬೆರೆಸಿಟ್ಟ ದ್ರಾವಣವನ್ನು ಕೊನೆಗೆ ಒಂದು ಮುಚ್ಚಳದಷ್ಟು ಹಾಕಿ ಕುಲುಕಿ, ಚೆಲ್ಲಿ, ತಲೆಕೆಳಗೆ ಮಾಡಿ ಒಣಗಿಸಿದ. ಆಮೇಲೇ ಕೆಲಸಕ್ಕೆ ಕೂತ. ಮುಗಿದ ಮೇಲೆ ಡಬ್ಬಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದು ಲ್ಯಾಬಿಗೆ ಓಡಿದ. ದಾರಿಯಲ್ಲಿ ಸಿಕ್ಕ ಗಿರಾಕಿ ಹೊಟ್ಟೆನೋವಾ ಎಂದು ಕೇಳಿದ.

(ಈ ಪ್ಯಾರಾ ನನಗೆ ಹಿಡಿಸಿಲ್ಲ. ಬರೀ ತಮಾಷೆ, ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಫೈನಲ್ ಡ್ರಾಫ್ಟಿನಲ್ಲಿ ತೆಗೆಯಬೇಕು.)

೩

ಲ್ಯಾಬಿನಾಕೆ ಅವನನ್ನು ಒಳಗೆ ಕರೆದು ಪರದೆಯ ಮೇಲೆ ತೋರಿಸಿದಳು. ಗುಲಾಬಿ ಬಣ್ಣದ ಚುಕ್ಕೆಗಳು, ಚುಕ್ಕೆಗೊಂದು ಬಾಲ. ಯಾವುದೂ ಅಲ್ಲಾಡುತ್ತಿರಲಿಲ್ಲ.

"ನಿದ್ದೆ ಮಾಡ್ತಿರಬಹುದಲ್ವಾ ಮೇಡಂ?"

"ಅದನ್ನ ತಿಳ್ಕೊಳ್ಳೋಕೇ ಬಣ್ಣ ಹಾಕೋದು. ಬದುಕಿರೋದು ಬಣ್ಣನ ಒಳಗೆ ಬಿಟ್ಕೊಳ್ಳಲ್ಲ, ಬೆಳ್ಳಗೇ ಇರುತ್ತೆ. ಸತ್ತಿದ್ದರ ಹೊರಪದರ ಹರಿದಿರುತ್ತೆ, ಬಣ್ಣ ಒಳಗೆ ನುಗ್ಗುತ್ತೆ."

"ಎಲ್ಲಾನೂ ಗುಲಾಬಿನಾ?"

"ಎಲ್ಲಾನೂ." ಅವಳು ಕುರ್ಚಿ ತಿರುಗಿಸಿ ಅವನನ್ನೇ ನೋಡಿದಳು. "ಒಂದಷ್ಟು ಸಾಯೋದು ಮಾಮೂಲಿ. ಮಕ್ಕಳಾದೋರಲ್ಲೂ ಸಾಯ್ತವೆ. ಕೆಟ್ಟಿರೋದನ್ನ ದೇಹವೇ ಬೇಡ ಅಂತ ಸಾಯಿಸುತ್ತೆ. ಜ್ವರ ಬಂದ್ರೆ, ಸೋಂಕಾದ್ರೆ, ದಿನಾ ಬಿಸೀಲಿ ಕೆಲಸ ಮಾಡಿದ್ರೆ ಇನ್ನೂ ಜಾಸ್ತಿ. ಆದ್ರೆ ಒಂದೂ ಉಳಿದಿಲ್ಲ ಅಂದ್ರೆ ನಂಗೇ ಅನುಮಾನ. ಕ್ರೀಮು, ಎಣ್ಣೆ, ಕಾಂಡೋಮು, ಏನಾದ್ರೂ ಬಳಸಿದ್ರಾ?"

"ಛೇ ಛೇ, ಏನೂ ಇಲ್ಲ," ಎಂದ ನೊರೆಯಪ್ಪ.

"ಇನ್ನೊಂದ್ಸಲ ಮಾಡೋಣ. ಒಂದೇ ಟೆಸ್ಟ್ ನೋಡಿ ಯಾರೂ ತೀರ್ಮಾನ ಮಾಡಲ್ಲ," ಎಂದು ರಿಪೋರ್ಟಿನ ಜೊತೆ ಹೊಸ ಡಬ್ಬಿಯನ್ನೂ ಕೊಟ್ಟಳು. ಅವನು ರಿಪೋರ್ಟನ್ನು ಇಸ್ತ್ರಿ ಮಾಡಿದ ಅಂಗಿಯಂತೆ ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಇಷ್ಟು ವರ್ಷ ಗಂಡಸರ ಅಂಗಿ ಒಗೆದವನು, ಯಾವನ ಕಾಲರಿನಲ್ಲಿ ಎಷ್ಟು ಕೊಳೆ ಎಂದು ಬಲ್ಲವನು. ಎಲ್ಲರ ಹಾಗೆ ತಾನೂ ಒಬ್ಬ ಎಂದುಕೊಂಡಿದ್ದ. ಮೆಟ್ಟಿಲಿಳಿಯುವಾಗ ಅವನಿಗೆ ಅಳು ಬಂತು.

(ಬಣ್ಣ ಒಳಗೆ ನುಗ್ಗುವುದು, ಅನುಮಾನ ಒಳಗೆ ನುಗ್ಗುವುದು ಎಂದು ರೂಪಕ ಮಾಡಲು ನನ್ನ ಕೈ ತುರಿಸಿತು. ತಡೆದುಕೊಂಡೆ. ತಡೆದುಕೊಂಡೆ ಎಂದು ಹೇಳಿದ್ದರಿಂದ ಮಾಡಿದಂತೆಯೇ ಆಯಿತು, ಬಿಡಿ.)

೪

ಮನೆ ಅಂಗಡಿಯ ಮೇಲೆಯೇ ಇದೆ. ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

("ಹೆಂಡತಿ ಹೆಂಡತಿ ಅಂತೀರಲ್ಲ ರೈಟರ್ ಸಾರ್, ನಂಗೇನು ಕೆಲಸ ಇಲ್ವಾ?" ಎಂದು ಇಲ್ಲಿ ಅವಳು ತಕರಾರು ತೆಗೆದಳು. ಇದೆಯಮ್ಮ. ಕನ್ನಡಕದಂಗಡಿಯಲ್ಲಿ ಜನರ ಮೂಗಿಗೆ ಫ್ರೇಮು ಕೂರಿಸುವವಳು ಇವಳೇ. ಇನ್ನು ಮುಂದೆ ಕನ್ನಡಕದವಳು ಎನ್ನುತ್ತೇನೆ. ಸಮಾಧಾನವಾಯಿತೇ?)

"ಬನ್ರೀ ಬೇಗ. ಒಂದು ವಿಷಯ ಹೇಳ್ಬೇಕು," ಎಂದಳು ಕನ್ನಡಕದವಳು. ಮುಖ ತಡೆಯಲಾರದಷ್ಟು ಅರಳಿತ್ತು. "ಮೊನ್ನೆಯಿಂದ ಅನುಮಾನ ಇತ್ತು, ಸುಮ್ನೆ ಆಸೆ ಹುಟ್ಟಿಸೋದು ಬೇಡ ಅಂತ ಬಾಯಿ ಬಿಟ್ಟಿರಲಿಲ್ಲ. ಇವತ್ತು ಡಾಕ್ಟರ್ ಹತ್ರ ಹೋಗಿ ಖಾತ್ರಿ ಮಾಡ್ಕೊಂಡು ಬಂದೆ. ಆಗಿದೆ ಕಣ್ರೀ! ನಾವು ಅಪ್ಪ ಅಮ್ಮ ಆಗ್ತಿದೀವಿ."

"ಹೌದಾ," ಎಂದ ನೊರೆಯಪ್ಪ.

ಅಷ್ಟೇ. ನಾನು ಎಷ್ಟು ಸಲ ಬರೆದು ನೋಡಿದರೂ ಅವನು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಒಂದು ಡ್ರಾಫ್ಟಿನಲ್ಲಿ ಅವಳನ್ನು ಎತ್ತಿ ತಿರುಗಿಸುವಂತೆ ಮಾಡಿದೆ. ಕೆಳಗಿಳಿಸುವ ಹೊತ್ತಿಗೆ ಅವನ ಮುಖ ಮತ್ತೆ ಹಾಗೇ ಆಗಿತ್ತು. ಅವನು ಬಚ್ಚಲಿಗೆ ಹೋಗಿ ಕೈ ತೊಳೆಯತೊಡಗಿದ. ಕನ್ನಡಕದವಳು ಹೊರಗೆ ನಿಂತು ನೀರಿನ ಸದ್ದು ನಿಲ್ಲಲಿ ಎಂದು ಕಾದಳು. ಸಂತೋಷ ಜಾಸ್ತಿಯಾಗಿ ಅಳುತ್ತಿರಬೇಕು ಎಂದುಕೊಂಡಳು ಪಾಪ.

ಲೆಕ್ಕ ನಿಮಗೂ ಗೊತ್ತಾಯಿತು. ಜೇಬಿನಲ್ಲಿ 'ಎಲ್ಲವೂ ಸತ್ತಿವೆ', ಮನೆಯಲ್ಲಿ ಬಸುರಿ.

೫

ಅನುಮಾನಕ್ಕೆ ಒಂದು ಮುಖ ಬೇಕು. ಸುಮ್ಮನೆ ಗಾಳಿಯಲ್ಲಿ ಅನುಮಾನ ಪಡುವುದು ಬಲು ಕಷ್ಟ, ನಾನು ಪ್ರಯತ್ನಿಸಿ ನೋಡಿದ್ದೇನೆ. ಹಾಗಾಗಿ ಕಥೆಗೆ ಸ್ವಲ್ಪ ಖಾರ ಇರಲಿ ಎಂದು ಹೀಗೆ ಬರೆದೆ: ಕನ್ನಡಕದಂಗಡಿಯಲ್ಲಿ ಲೆನ್ಸ್ ಉಜ್ಜುವ ಒಬ್ಬನಿದ್ದ. ಬಸ್ಸು ತಪ್ಪಿದ ಸಂಜೆಗಳಲ್ಲಿ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಲಾಂಡ್ರಿ ಮುಂದೆ ಇಳಿಸುತ್ತಿದ್ದ. ಇಳಿಯುವಾಗ ಅವಳು ನಗುತ್ತಿದ್ದಳು. ಇಸ್ತ್ರಿಯ ಹಬೆಯ ಹಿಂದಿನಿಂದ ನೊರೆಯಪ್ಪ ನೋಡುತ್ತಿದ್ದ.

೬

ಐದನೆಯದನ್ನು ಹೊಡೆದು ಹಾಕಿದ್ದೇನೆ. ದಯವಿಟ್ಟು ಓದಬೇಡಿ. (ಓದಿಬಿಟ್ಟಿರಾ? ಅದೇ ಆಗಿದ್ದು.)

ಯಾಕೆ ಹೊಡೆದು ಹಾಕಿದೆನೆಂದರೆ, ಸ್ಕೂಟರಿನವನು ನೇರ ನನ್ನ ಮೇಜಿನ ಹತ್ತಿರವೇ ಬಂದ. "ಸಾರ್, ನಾನು ಲೆನ್ಸ್ ಉಜ್ಜೋನು. ನಂಗೆ ಸ್ಕೂಟರ್ ಓಡಿಸೋಕೇ ಬರಲ್ಲ. ಆ ಅಕ್ಕನ ಜೊತೆ ಮಾತಾಡಿದ್ರೆ ಪವರ್ ಎಷ್ಟು, ಫ್ರೇಮ್ ಯಾವ್ದು ಅಂತ ಅಷ್ಟೇ. ನಂಗೂ ಸಂಸಾರ ಇದೆ. ನಿಮ್ಮ ಖಾರಕ್ಕೆ ನಾನ್ಯಾಕೆ ಮೆಣಸಿನಕಾಯಿ ಆಗ್ಲಿ?"

ನಾನು ಕೇಳುವ ಮೊದಲೇ ಇಷ್ಟೊಂದು ಹೇಳಿದನಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಂದು ನನಗೆ ಒಂದು ಕ್ಷಣ ಅನುಮಾನ ಬಂತು. ನಾನೇ ಹುಟ್ಟಿಸಿದವನ ಮೇಲೆ ನನಗೇ! ನಾಚಿಕೆಯಾಗಿ ಅವನನ್ನು ಕಥೆಯಿಂದ ತೆಗೆದೆ. ಸ್ಕೂಟರನ್ನೂ ತೆಗೆದೆ.

ಅವನು ಹೋದ ಬೆನ್ನಿಗೇ ನೊರೆಯಪ್ಪ ಬಂದ.

"ಆ ಸ್ಕೂಟರ್ ಎಲ್ಲಿ?"

"ಸ್ಕೂಟರ್ ಇಲ್ಲಪ್ಪ. ನಾನೇ ತೆಗೆದುಬಿಟ್ಟೆ."

"ತೆಗೆದ್ರಿ ಅಂದ್ರೆ ಇತ್ತು ಅಂತಾಯ್ತಲ್ಲ?"

"ಇರಲಿಲ್ಲ ಮಾರಾಯ. ನಾನು ಸುಮ್ನೆ ಬರೆದಿದ್ದು."

"ಬೆಂಕಿ ಇಲ್ದೆ ಹೊಗೆ ಆಡುತ್ತಾ ಸಾರ್?"

"ಆ ಹೊಗೆ ನಂದಪ್ಪಾ! ನಾನೇ ಊದಿದ್ದು!"

ಅವನು ನಂಬಲಿಲ್ಲ. ನಿಮ್ಮನ್ನು ಕೇಳುತ್ತೇನೆ, ಎದೆ ಮುಟ್ಟಿ ಹೇಳಿ: ಅವಳು ಇಳಿಯುವಾಗ ನಗುತ್ತಿದ್ದಳು ಎಂದು ಓದಿದ ಮೇಲೆ ನೀವು ಅವಳನ್ನು ನಾಲ್ಕನೆಯದರಲ್ಲಿ ನೋಡಿದ ಹಾಗೆಯೇ ನೋಡುತ್ತಿದ್ದೀರಾ? ಒಬ್ಬರ ತಲೆಗೆ ಹುಳ ಬಿಡುವುದು ಸುಲಭ. ವಾಪಸ್ ತೆಗೆಯಲು ನನಗೆ ಬರುವುದಿಲ್ಲ.

೭

ಆಮೇಲಿನ ದಿನಗಳಲ್ಲಿ ನೊರೆಯಪ್ಪ ಸುತ್ತಿ ಬಳಸಿ ಮಾತಾಡತೊಡಗಿದ. "ಇವತ್ತು ಯಾವುದ್ರಲ್ಲಿ ಬಂದೆ?" "ಬಸ್ಸಲ್ಲಿ. ದಿನಾ ಯಾವುದ್ರಲ್ಲಿ ಬರ್ತೀನಿ?" "ಬೇಗ ಬಂದೆಯಲ್ಲ." "ಬೇಗ ಬಂದ್ರೂ ತಪ್ಪಾ?" ಹೀಗೆ.

ಒಂದು ಸಂಜೆ ಅವಳು ಬಚ್ಚಲಿನಿಂದ ಬಂದಾಗ ಅವನು ಅವಳ ಅಂಗಡಿಯ ಬಿಳಿ ಕೋಟನ್ನು ಮೂಸುತ್ತಿದ್ದ. ತೋಳು, ಬೆನ್ನು, ಮತ್ತೆ ತೋಳು. ಪೆಟ್ರೋಲಿನ ವಾಸನೆಯನ್ನು ಹುಡುಕುತ್ತಿದ್ದ.

"ಏನ್ರೀ ಮೂಸ್ತಿದೀರಿ?"

"ಕಲೆ ಏನಾದ್ರೂ ಇದೆಯಾ ಅಂತ."

"ಕಲೆನ ಕಣ್ಣಲ್ಲಿ ನೋಡ್ತಾರೆ. ಮೂಗಲ್ಲಿ ಅಲ್ಲ."

ಅವನು ಜೇಬಿನಿಂದ ರಿಪೋರ್ಟ್ ತೆಗೆದು ಮೇಜಿನ ಮೇಲಿಟ್ಟ. ಅವಳು ಓದಿದಳು. ಅವಳ ಅರಳಿದ್ದ ಮುಖ ಸಾಲು ಸಾಲಿಗೂ ಇಳಿಯುತ್ತ ಬಂತು.

"ಅಂದ್ರೆ?"

"ಅಂದ್ರೆ ಅದೇ."

"ಅದೇ ಅಂದ್ರೆ ಯಾವುದು? ಬಾಯಿ ಬಿಟ್ಟು ಹೇಳಿ."

ಅವನು ಕೋಟಿನ ತೋಳು ಮಡಿಸತೊಡಗಿದ. ಅವಳು ಕೋಟನ್ನು ಅವನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ಇಷ್ಟು ವರ್ಷ ಮಗುವಿಗಾಗಿ ಹಂಬಲಿಸಿದ ಮನೆಯಲ್ಲಿ ಮಗುವಿನ ಮಾತೇ ನಿಂತುಹೋಯಿತು.

೮

ನನಗೆ ತಡೆಯಲಾಗಲಿಲ್ಲ. ಬೆಂಕಿ ಹಚ್ಚಿದವನು ನಾನೇ, ನೀರು ಹುಯ್ಯಬೇಕಾದವನೂ ನಾನೇ. ಹಳೆಯ ಪುಟಗಳನ್ನು ತಿರುವಿ ಹಾಕುವಾಗ ಎರಡನೆಯದು ಕಣ್ಣಿಗೆ ಬಿತ್ತು. ಅಯ್ಯೋ ದೇವರೇ, ಡಬ್ಬಿ! ಓಡಿ ಹೋಗಿ ನೊರೆಯಪ್ಪನನ್ನು ಹಿಡಿದೆ.

"ನೀನು ಡಬ್ಬಿ ತೊಳೆದಿದ್ದೆ! ಸೋಪು, ಬಿಸಿನೀರು, ಮೇಲೆ ನಿನ್ನ ದ್ರಾವಣ ಬೇರೆ! ಎರಡನೆಯದರಲ್ಲಿ ಸ್ಪಷ್ಟವಾಗಿ ಇದೆ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇದು ಮೊದಲೇ ಇತ್ತಾ, ಈಗ ಸೇರಿಸಿದ್ರಾ?"

"ಮೊದಲೇ ಇತ್ತು! ತೆಗೆಯಬೇಕು ಅಂತಲೂ ಬರೆದಿದ್ದೆ. ಓದುಗರನ್ನೇ ಕೇಳು."

"ಓದುಗರು ನಿಮ್ಮ ಕಡೆಯೋರು."

(ಇದ್ದೀರಾ?)

ಕೊನೆಗೆ ಲ್ಯಾಬಿನಾಕೆಗೆ ಫೋನ್ ಮಾಡಿದೆವು, ಸ್ಪೀಕರ್ ಹಾಕಿ.

"ಡಬ್ಬೀನ ತೊಳೆದ್ರಾ?" ಅವಳ ದನಿ ಏರಿತು. "ಅದು ಸೀಲ್ ಮಾಡಿ ಕೊಟ್ಟಿದ್ದಲ್ವಾ! ಏನಾದ್ರೂ ಬಳಸಿದ್ರಾ ಅಂತ ನಾನು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಬಳಸಿದ್ರಾ ಅಂದ್ರಿ ಮೇಡಂ. ತೊಳೆಯೋದು ಬಳಸೋದು ಹೇಗಾಗುತ್ತೆ? ತೊಳೆಯೋದು ಅಂದ್ರೆ ತೊಳೆಯೋದು."

"ಸೋಪು ತಾಗಿದ್ರೆ ಅವು ಉಳಿಯಲ್ಲಪ್ಪ!"

ನೊರೆಯಪ್ಪ ಫೋನಿನ ಹತ್ತಿರ ಬಗ್ಗಿದ. "ಹಾಗಾದ್ರೆ... ಅದಕ್ಕೇ ಸತ್ತಿದ್ದಾ? ಒಳಗೆ ಬದುಕಿದ್ವಾ?"

ಆಹಾ, ಕಥೆ ಸುಖಾಂತವಾಯಿತು ಎಂದು ನಾನು ಪೆನ್ನಿನ ಕ್ಯಾಪ್ ಹಾಕುವುದರಲ್ಲಿದ್ದೆ.

"ಇರಬಹುದು. ಇಲ್ಲದೆಯೂ ಇರಬಹುದು," ಎಂದಳು ಲ್ಯಾಬಿನಾಕೆ. "ಊಹೆ ಮೇಲೆ ನಾನು ಹೇಳಲ್ಲ. ಹೊಸ ಡಬ್ಬಿ ಇದೆಯಲ್ಲ, ಅದರಲ್ಲಿ ತನ್ನಿ. ತೊಳೀಬೇಡಿ."

೯

ನೊರೆಯಪ್ಪ ಕಪಾಟಿನಿಂದ ಹೊಸ ಡಬ್ಬಿಯನ್ನು ತೆಗೆದ. ಕನ್ನಡಕದವಳು ಎಲ್ಲವನ್ನೂ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಬಂದು ಎದುರಿಗೆ ನಿಂತಳು.

"ಆ ಡಬ್ಬಿ ತಗೊಂಡು ಲ್ಯಾಬಿಗೆ ಹೋದ್ರೆ, ವಾಪಸ್ ಬರುವಾಗ ನಾನಿರಲ್ಲ."

"ಒಂದು ಟೆಸ್ಟ್ ತಾನೇ? ಮುಗಿದೇ ಹೋಗುತ್ತಲ್ಲ. ಎಲ್ಲಾ ಸರಿ ಇದೆ ಅಂತ ಬಂದ್ರೆ..."

"ಸರಿ ಇದೆ ಅಂತ ಬಂದ್ರೂ ಇರಲ್ಲ. ಅವು ಬದುಕಿದ್ರೆ ನಾನು ಒಳ್ಳೆಯವಳು, ಸತ್ತಿದ್ರೆ ಕೆಟ್ಟವಳು, ಅಲ್ವಾ? ನನ್ನ ಗುಣ ನಿಮ್ಮ ಡಬ್ಬೀಲಿ ಇದೆಯೇನ್ರೀ?"

ನೊರೆಯಪ್ಪ ಡಬ್ಬಿ ಹಿಡಿದೇ ಕೂತ. "ನಂಗೆ ಮಗು ಬೇಕು ಕಣೇ. ನೀನೂ ಬೇಕು. ಆದ್ರೆ ಏನು ಮಾಡ್ಲಿ, ಕಣ್ಣು ಮುಚ್ಚಿದ್ರೆ ಆ ಹಾಳು ಸ್ಕೂಟರ್ ಬಂದು ನಿಲ್ಲುತ್ತೆ. ಗೊತ್ತಿಲ್ದೆ ಹೇಗೆ ಬದುಕ್ಲಿ?"

"ಯಾವ ಸ್ಕೂಟರ್?" ಎಂದಳು ಅವಳು.

ನಾನು ಬೇರೆ ಕಡೆ ನೋಡಿದೆ.

೧೦

ಮೂರು ಮುಕ್ತಾಯಗಳು ನನ್ನ ಬಳಿ ಇವೆ. ಬೇಕಾದ್ದು ಆರಿಸಿಕೊಳ್ಳಿ.

ಒಂದು: ಅವನು ಟೆಸ್ಟಿಗೆ ಹೋಗುತ್ತಾನೆ. ಪರದೆಯ ತುಂಬ ಬಿಳಿ ಚುಕ್ಕೆಗಳು ಬಾಲ ಬಡಿಯುತ್ತಿವೆ. ಕುಣಿಯುತ್ತ ಮನೆಗೆ ಬರುತ್ತಾನೆ. ಬಾಗಿಲಿಗೆ ಬೀಗ.

ಎರಡು: ಹೋಗುವುದಿಲ್ಲ. ಮಗು ಹುಟ್ಟುತ್ತದೆ, ಚೆಂದದ ಮಗು. ಅವನು ಅದನ್ನು ಎತ್ತಿಕೊಂಡಾಗಲೆಲ್ಲ ಅದರ ಮೂಗನ್ನು ನೋಡುತ್ತಾನೆ, ಕಿವಿಯನ್ನು ನೋಡುತ್ತಾನೆ. ಅವನು ನೋಡುವುದನ್ನು ಅವಳು ನೋಡುತ್ತಾಳೆ. ಮಗುವಿಗೆ ಅದು ಅರ್ಥವಾಗುವ ವಯಸ್ಸು ಬಂದೇ ಬರುತ್ತದೆ.

ಮೂರು: ಅವಳು ಮಲಗಿದ ಮೇಲೆ ಹೊಸ ಡಬ್ಬಿಯನ್ನು ಬೇಕೆಂದೇ ಸೋಪು ಹಾಕಿ ತೊಳೆದು ಟೆಸ್ಟಿಗೆ ಕೊಡುತ್ತಾನೆ. ಎಲ್ಲವೂ ಗುಲಾಬಿ. 'ಸೋಪಿನಿಂದಲೇ ಸತ್ತಿದ್ದು' ಎಂದು ಜೀವನಪೂರ್ತಿ ನಂಬಬಹುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. (ಇದು ನನಗೆ ಬಹಳ ಇಷ್ಟವಾಯಿತು. ನನಗೆ ಇಷ್ಟವಾದದ್ದನ್ನು ನಾನು ನಂಬುವುದಿಲ್ಲ.)

೧೧

"ಮೂರೂ ನೋಡ್ದೆ," ಎಂದಳು ಕನ್ನಡಕದವಳು. ಅವಳು ಯಾವಾಗ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳೋ. "ಸ್ಕೂಟರ್ ಸಮಾಚಾರನೂ ಓದಿದೆ. ನಿಮ್ಮ ಬಗ್ಗೆ ಆಮೇಲೆ ಮಾತಾಡ್ತೀನಿ. ಮೊದಲು ಇದು ಹೇಳಿ: ಶುರುವಿನಿಂದ ಇಲ್ಲೀತನಕ ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ದೀರಾ?"

"ಯಾವ ಮಾತು?"

"ನೀವೇ ಹುಡುಕಿ."

ಮೊದಲಿಂದ ಓದಿದೆ. ಡಬ್ಬಿಯ ಬಗ್ಗೆ ಲ್ಯಾಬಿನಾಕೆಯನ್ನು ಕೇಳಿದ್ದೇವೆ. ಸ್ಕೂಟರಿನ ಬಗ್ಗೆ ನೊರೆಯಪ್ಪ ನನ್ನನ್ನು ಕೇಳಿದ್ದಾನೆ. ಬಟ್ಟೆಯನ್ನು ಮೂಸಿ ಕೇಳಿದ್ದಾನೆ. ಓದುಗರನ್ನೂ ಸಾಕ್ಷಿಗೆ ಕರೆದಿದ್ದೇವೆ. 'ಯಾವುದ್ರಲ್ಲಿ ಬಂದೆ' ಎಂಬುದನ್ನು ಬಿಟ್ಟರೆ ಅವಳನ್ನು ಯಾರೂ ಏನೂ ಕೇಳಿಲ್ಲ. ಇಷ್ಟು ಅನುಮಾನಪಡುವ ನಾನೂ ಕೇಳಿಲ್ಲ.

"ಹಾಗಾದ್ರೆ ಈಗ ಕೇಳ್ಲಾ?" ಎಂದೆ.

"ನೀವು ಯಾರು ಕೇಳೋಕೆ? ಕೇಳ್ಬೇಕಾದೋರು ಕೇಳ್ಲಿ. ನನ್ನ ಮುಖ ನೋಡಿ, ನೇರವಾಗಿ ಕೇಳ್ಲಿ. ನಾನು ಹೇಳೋದನ್ನ ನಂಬೋ ಧೈರ್ಯ ಇದ್ರೆ ಕೇಳ್ಲಿ. ಇಲ್ಲಾಂದ್ರೆ ಡಬ್ಬಿ ಹಿಡ್ಕೊಂಡು ಹೋಗ್ಲಿ."

ನೊರೆಯಪ್ಪ ಕೋಣೆಯಿಂದ ಬಂದ. ಕೈಯಲ್ಲಿ ಹೊಸ ಡಬ್ಬಿ ಇತ್ತು. ಅವಳ ಎದುರು ನಿಂತು, ಎಷ್ಟೋ ದಿನದ ಮೇಲೆ ಅವಳ ಮುಖವನ್ನು ನೋಡಿದ. ಬಾಯಿ ತೆರೆದ. ನಾನು ಪೆನ್ನು ಹಿಡಿದು ಸಿದ್ಧನಾದೆ.

ಕನ್ನಡಕದವಳು ನನ್ನ ಭುಜ ಹಿಡಿದು ಹೊರಗೆ ದೂಡಿ ಬಾಗಿಲು ಹಾಕಿಕೊಂಡಳು. ಚಿಲಕ ಬಿತ್ತು.

೧೨

ಬಾಗಿಲಿಗೆ ಕಿವಿ ಹಚ್ಚಿದ್ದೇನೆ. ಅವನು ಏನೋ ಹೇಳಿದ, ಕೇಳಿಸಲಿಲ್ಲ. ಅವಳು ಏನೋ ಹೇಳಿದಳು, ಅದೂ ಕೇಳಿಸಲಿಲ್ಲ. ಆಮೇಲೆ ಒಳಗೆ ನಲ್ಲಿ ಬಿಟ್ಟ ಸದ್ದು.

"ಸೋಪು ಹಾಕ್ರೀ," ಎಂದಳು ಕನ್ನಡಕದವಳು. "ಚೆನ್ನಾಗಿ ಹಾಕಿ."

ಅಳುತ್ತ ಹೇಳಿದಳೋ ನಗುತ್ತ ಹೇಳಿದಳೋ ತಿಳಿಯಲಿಲ್ಲ. ಅವನು ಏನನ್ನು ತೊಳೆಯುತ್ತಿದ್ದಾನೆ? ಡಬ್ಬಿಯನ್ನೋ, ಊಟದ ತಟ್ಟೆಯನ್ನೋ, ಮುಖವನ್ನೋ? ಅವನು ಕೇಳಿದನೇ? ಅವಳು ಹೇಳಿದಳೇ? ಅಥವಾ ಟೆಸ್ಟಿಗೆ ಹೆದರಿ ಅವಳೇ ಸೋಪು ಹಾಕಿಸುತ್ತಿದ್ದಾಳೆಯೇ? (ನೋಡಿ, ಮತ್ತೆ ಶುರು ಮಾಡಿದೆ.)

ಬಾಗಿಲು ತಟ್ಟಿದೆ, ತೆಗೆಯಲಿಲ್ಲ. ಕೆಳಗಿಳಿದು ಮೋರಿಯ ಹತ್ತಿರ ಹೋದೆ. ನೊರೆ ಬರುತ್ತಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಗ್ಗಿ ಮೂಸಿದೆ. ಸೋಪಿನ ವಾಸನೆ, ಅಷ್ಟೆ.

ತಲೆಯೆತ್ತಿದರೆ ನೀವು. ನನ್ನ ಪಕ್ಕದಲ್ಲೇ ಬಗ್ಗಿದ್ದೀರಿ.